ಓಡುವಾಗಲ್ಲ, ನಿಂತು ಹೊರಡುವಾಗ ಹುಷಾರು: ಪ್ರೋಗ್ರೆಸಿವ್ ರೀಲೋಡಿಂಗ್ ಪ್ರೆಸ್ ಹೊಂದಿಸುವ ಬಗ್ಗೆ

(ಅರಿಜೋನಾದ ಫೀನಿಕ್ಸ್ ಸುತ್ತಮುತ್ತಲಿನ ಕನ್ನಡಿಗ ಗೆಳೆಯರ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಮಧ್ಯೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕಾನೂನಿನ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ಆಮೇಲೆ ನೆಮ್ಮದಿಯಾಗಿ ಮೆಷಿನ್ ಬಗ್ಗೆ ಮಾತಾಡಬಹುದು.

ಅಮೆರಿಕದಲ್ಲಿ ಸ್ವಂತ ಉಪಯೋಗಕ್ಕೆ ತೋಟಾ ರೀಲೋಡ್ ಮಾಡಿಕೊಳ್ಳಲು, ಅಂದರೆ ಹೊಡೆದ ತೋಟಾದ ಖಾಲಿ ಹಿತ್ತಾಳೆ ಕೇಸನ್ನು ಮತ್ತೆ ತುಂಬಿಕೊಳ್ಳಲು, ಫೆಡರಲ್ ಲೈಸೆನ್ಸ್ ಬೇಡ. ಮಾಡಿ ಮಾರುವ ವ್ಯಾಪಾರಕ್ಕೆ ಬೇಕು. ಆದರೆ ಇಲ್ಲಿ ಕೂತಿರುವ ಕೆಲವರು ಎಚ್-1ಬಿ ವೀಸಾದಲ್ಲಿ ಇದ್ದೀರಿ, ಅಲ್ವಾ? ನಿಮಗೆ ಲೆಕ್ಕ ಬೇರೆ. ವಲಸೆಯದಲ್ಲದ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಕೆಲವು ವಿನಾಯಿತಿಗಳಿವೆ, ರಾಜ್ಯ ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಅದರಲ್ಲಿ ಒಂದು. ಗ್ರೀನ್ ಕಾರ್ಡ್ ಬಂದವರಿಗೆ ಈ ತಡೆ ಇಲ್ಲ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಫೆಡರಲ್ ಕಾನೂನಿನ ಪ್ರಕಾರ ಬರೀ ಖಾಲಿ ಕೇಸು, ಕಿಡಿ ಕೊಡುವ ಬರೀ ಪ್ರೈಮರ್, ಬರೀ ಗುಂಡು, ಬರೀ ಮದ್ದು ಕೂಡ ತೋಟಾ ಅಂತಲೇ ಲೆಕ್ಕ. "ನಾನಿನ್ನೂ ಜೋಡಿಸಿಲ್ಲ ಸಾರ್" ಅಂದರೆ ನಡೆಯುವುದಿಲ್ಲ. ವೀಸಾ ವಿಷಯದಲ್ಲಿ ಅನುಮಾನ ಇದ್ದರೆ ವಕೀಲರನ್ನು ಕೇಳಿ, ನನ್ನನ್ನಲ್ಲ.

ಊರಿಗೆ ಹೋದಾಗ ಬೆಂಗಳೂರಿನ ಮನೆಯಲ್ಲೂ ಒಂದು ಪ್ರೆಸ್ ಇಟ್ಟುಕೊಳ್ಳಬಹುದಾ ಎಂದು ಒಬ್ಬರು ಆಗಲೇ ಕೇಳಿದರು. ಬೇಡ. 1959ರ ಆರ್ಮ್ಸ್ ಆ್ಯಕ್ಟ್‌ನ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು ಅಪರಾಧ. ಜೊತೆಗೆ ನಮ್ಮ ಕಡೆ ಶೂಟಿಂಗ್ ಕ್ಲಬ್ಬಿನ ಹುಡುಗರು ಹೆಚ್ಚಾಗಿ ಹೊಡೆಯುವುದು ಏರ್ ಪಿಸ್ತೂಲು, ಏರ್ ರೈಫಲ್ಲು, .22 ಅಳತೆಯ ಬಂದೂಕು. ರಿಯೊ ಒಲಿಂಪಿಕ್ಸ್‌ಗೆ ಹೋದ ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರ ಎರಡೂ ಸ್ಪರ್ಧೆಗಳು ಈ ಗುಂಪಿನವೇ. .22ರಲ್ಲಿ ಕಿಡಿ ಹೊತ್ತಿಸುವ ರಾಸಾಯನಿಕ ಕೇಸಿನ ಅಂಚಿನ ಒಳಗೇ ತುಂಬಿರುತ್ತದೆ. ಒಮ್ಮೆ ಹೊಡೆದರೆ ಅಂಚು ಜಜ್ಜಿಹೋಗುತ್ತದೆ, ಮನೆಯಲ್ಲಿ ಅದನ್ನು ಮತ್ತೆ ತುಂಬುವ ಹಾಗಿಲ್ಲ. ಹಾಗಾಗಿ ಇವತ್ತಿನ ಮಾತೆಲ್ಲ ಅಮೆರಿಕದ್ದು. ಇದು ಇಲ್ಲಿನ ಹವ್ಯಾಸ, ಇಲ್ಲಿನ ಮೆಷಿನ್ನು.

ನಾನು ಟೂಲ್ ಅಂಡ್ ಡೈ ಕೆಲಸ ಕಲಿತವನು. ಪೀಣ್ಯದ ಪ್ರೆಸ್ ಶಾಪುಗಳಲ್ಲಿ ಪ್ರೋಗ್ರೆಸಿವ್ ಡೈ ನೋಡಿದವರಿಗೆ ಈ ಮೆಷಿನ್ ಅರ್ಥವಾಗಲು ಎರಡು ನಿಮಿಷ ಸಾಕು. ಅಲ್ಲಿ ಶೀಟ್ ಮುಂದೆ ಹೋಗುತ್ತಾ ಒಂದೊಂದು ಹೊಡೆತಕ್ಕೆ ಒಂದೊಂದು ಕೆಲಸ ಆಗುತ್ತದೆ. ಇಲ್ಲಿ ಹಿತ್ತಾಳೆ ಕೇಸು ಶೆಲ್‌ಪ್ಲೇಟ್ ಎಂಬ ಒಂದು ದುಂಡಗಿನ ಪ್ಲೇಟಿನ ಮೇಲೆ ಸುತ್ತು ಹೋಗುತ್ತದೆ.

ಗೊತ್ತಿಲ್ಲದವರಿಗೆ ಎರಡು ಮಾತು. ತೋಟಾದಲ್ಲಿ ನಾಲ್ಕು ಭಾಗ: ಹಿತ್ತಾಳೆ ಕೇಸು, ತಳದಲ್ಲಿ ಕಿಡಿ ಕೊಡುವ ಪ್ರೈಮರ್, ಒಳಗೆ ಮದ್ದು, ಬಾಯಲ್ಲಿ ಗುಂಡು. ನಮ್ಮ ಮಲೆನಾಡಿನ ಕೇಪಿನ ಕೋವಿ ನೋಡಿದವರಿಗೆ ಪ್ರೈಮರ್ ಹೊಸದಲ್ಲ, ಅದೇ ಕೇಪು ಇಲ್ಲಿ ಕೇಸಿನ ತಳಕ್ಕೆ ಬಂದು ಕೂತಿದೆ. ಹೊಡೆದ ಮೇಲೆ ಉಳಿಯುವುದು ಕೇಸು ಮಾತ್ರ. ಅದು ಉಬ್ಬಿರುತ್ತದೆ. ಅದನ್ನು ಮತ್ತೆ ಸೈಜಿಗೆ ಒತ್ತಿ, ಹಳೇ ಪ್ರೈಮರ್ ತೆಗೆದು ಹೊಸದು ಕೂರಿಸಿ, ಮದ್ದು ಹಾಕಿ, ಗುಂಡು ಕೂರಿಸಿ, ಬಾಯಿ ಸರಿ ಮಾಡಬೇಕು. ಸಿಂಗಲ್ ಸ್ಟೇಜ್ ಪ್ರೆಸ್ಸಿನಲ್ಲಿ ಇದನ್ನು ಒಂದೊಂದಾಗಿ ಮಾಡುತ್ತೀರಿ. ಪ್ರೋಗ್ರೆಸಿವ್‌ನಲ್ಲಿ ಪ್ರತಿ ಸಲ ಹ್ಯಾಂಡಲ್ ಎಳೆದಾಗಲೂ ಎಲ್ಲ ಕೆಲಸ ಒಟ್ಟಿಗೆ ನಡೆದು ಒಂದು ತೋಟಾ ಹೊರಗೆ ಬೀಳುತ್ತದೆ.

ಇದು ಹೊಸ ಐಡಿಯಾ ಏನಲ್ಲ. ಸ್ಯಾನ್ ಡಿಯಾಗೋದ ಸ್ಟಾರ್ ಮೆಷಿನ್ ವರ್ಕ್ಸ್‌ನ ಪ್ರೋಗ್ರೆಸಿವ್ ರೀಲೋಡರ್ 1930ರ ದಶಕದ್ದು. ಪೊಲೀಸ್ ಇಲಾಖೆಗಳು ಅಭ್ಯಾಸದ ತೋಟಾಗೆ ಅದನ್ನು ದಶಕಗಟ್ಟಲೆ ದುಡಿಸಿಕೊಂಡವು. ಮನೆಮನೆಗೆ ಈ ಮೆಷಿನ್ ತಂದವರಲ್ಲಿ ಮುಖ್ಯರು ನಮ್ಮ ಪಕ್ಕದ ಸ್ಕಾಟ್ಸ್‌ಡೇಲ್‌ನ ಮೈಕ್ ಡಿಲನ್. ವೃತ್ತಿಯಲ್ಲಿ ಟಿಡಬ್ಲ್ಯುಎ ವಿಮಾನ ಸಂಸ್ಥೆಯ ಪೈಲಟ್. ಅವರು 2016ರಲ್ಲಿ ತೀರಿಕೊಂಡರು. ಅವರ ಕಂಪನಿಯ 550, 650, ಈಗಿನ 750, ಎಂಟು ಸ್ಟೇಷನ್ನಿನ (ಒಂದೊಂದು ಕೆಲಸಕ್ಕೆ ಪ್ಲೇಟಿನ ಮೇಲೆ ಒಂದೊಂದು ಜಾಗ) 1050 ಮತ್ತು 1100 ಇವೆಲ್ಲ ಶೂಟಿಂಗ್ ಸ್ಪರ್ಧೆಗೆ ಹೋಗುವವರ ಬಾಯಲ್ಲಿ ಬರೀ ನಂಬರುಗಳು. ಹಾರ್ನಡಿ, ಲೀ, ಆರ್‌ಸಿಬಿಎಸ್ ಕಂಪನಿಗಳದ್ದೂ ಇವೆ. ಯಾವುದು ಚೆನ್ನಾಗಿದೆ ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ನನ್ನ ಮಾತು ಐದು ಸ್ಟೇಷನ್, ತಾನೇ ತಿರುಗುವ ಪ್ಲೇಟ್ ಇರುವ ಮೆಷಿನ್ ಬಗ್ಗೆ. ತೋಟಾ ಪಿಸ್ತೂಲಿನ 9 ಎಂಎಂ.

ನನ್ನ ಪ್ರಕಾರ ಪ್ರೋಗ್ರೆಸಿವ್ ಪ್ರೆಸ್ ಸರಾಗವಾಗಿ ಓಡುತ್ತಿರುವಾಗ ತಪ್ಪು ಆಗುವುದು ಕಡಿಮೆ. ತಪ್ಪು ಆಗುವುದು ಅದು ನಿಂತು ಮತ್ತೆ ಹೊರಡುವಾಗ. ಏನೋ ಸಿಕ್ಕಿಕೊಂಡಿತು, ಪ್ರೈಮರ್ ಬರಲಿಲ್ಲ, ಕೇಸು ಓರೆಯಾಯಿತು, ಫೋನ್ ಬಂತು. ಕೈ ಹಾಕಿ ಸರಿ ಮಾಡಿ ಮತ್ತೆ ಹ್ಯಾಂಡಲ್ ಎಳೆಯುತ್ತೀರಿ. ಯಾವ ಕೇಸಿಗೆ ಮದ್ದು ಬಿದ್ದಿದೆ, ಯಾವುದಕ್ಕೆ ಇಲ್ಲ ಎಂಬ ಲೆಕ್ಕ ತಪ್ಪುವುದು ಅಲ್ಲೇ. ಆದ್ದರಿಂದ ಪ್ರೆಸ್ ಟ್ಯೂನ್ ಮಾಡುವುದು ಗಂಟೆಗೆ ನೂರು ತೋಟಾ ಜಾಸ್ತಿ ತೆಗೆಯಲು ಅಂತ ನಾನು ಅಂದುಕೊಂಡಿಲ್ಲ. ಅದು ನಿಲ್ಲುವ ಕಾರಣಗಳನ್ನು ಒಂದೊಂದಾಗಿ ತೆಗೆಯಲು. ವೇಗ ಅದರ ಹಿಂದೆ ತಾನಾಗಿ ಬರುತ್ತದೆ.

ಬೆಂಚಿನಿಂದ ಶುರು ಮಾಡೋಣ. ಬೆಂಚು ಅಲುಗಾಡಬಾರದು. ಇದು ಸಣ್ಣ ಮಾತು ಅನಿಸುತ್ತದೆ, ಆದರೆ ಅಲುಗಾಡುವ ಬೆಂಚಿನ ಮೇಲೆ ಮದ್ದಿನ ಅಳತೆ ಏರುಪೇರಾಗುತ್ತದೆ, ಪ್ರೈಮರ್ ಕೂರಿಸುವಾಗ ಕೈಗೆ ಏನೂ ತಿಳಿಯುವುದಿಲ್ಲ. ಮುಕ್ಕಾಲು ಇಂಚಿನ ಪ್ಲೈವುಡ್ ಎರಡು ಪದರ ಹಾಕಿ, ಬೆಂಚನ್ನು ಗೋಡೆಯ ಮರದ ಕಂಬಗಳಿಗೆ ಬಿಗಿದುಬಿಡಿ. ಪ್ರೆಸ್ಸಿನ ಬೋಲ್ಟ್ ಕೆಳಗಿನಿಂದ ಆಚೆ ಬಂದು ನಟ್ಟು, ಅಗಲ ವಾಷರ್ ಇರಲಿ, ಬರೀ ಮರದ ಸ್ಕ್ರೂ ಬೇಡ. ಹ್ಯಾಂಡಲ್ ಕೆಳಗೆ ಒತ್ತುವುದಷ್ಟೇ ಅಲ್ಲ, ಪ್ರೈಮರ್ ಕೂರಿಸಲು ಮುಂದಕ್ಕೂ ತಳ್ಳಬೇಕು. ಬೆಂಚು ಸಾಮಾನ್ಯವಾಗಿ ಸೋಲುವುದು ಆ ಮುಂದಿನ ತಳ್ಳಿಗೆ.

ಎತ್ತರದ ವಿಷಯದಲ್ಲಿ ಒಂದೇ ಲೆಕ್ಕ. ಗುಂಡು ಇಡುವ ಮೊದಲು ಕೇಸಿನ ಒಳಗೆ ಕಣ್ಣು ಬೀಳಬೇಕು. ನಿಂತೋ ಕೂತೋ, ತಲೆ ಬಗ್ಗಿಸದೆ ಒಳಗಿನ ಮದ್ದು ಕಾಣಬೇಕು. ಅದಕ್ಕೆ ಟೂಲ್‌ಹೆಡ್, ಅಂದರೆ ಡೈಗಳನ್ನು ಹಿಡಿದಿಡುವ ಮೇಲಿನ ಭಾಗದ, ಕೆಳಗೆ ಒಂದು ಸಣ್ಣ ಎಲ್‌ಇಡಿ ದೀಪ ಹಾಕಿ. ಈ ಹವ್ಯಾಸದಲ್ಲಿ ಹಾಕಿದ ದುಡ್ಡಿಗೆ ಇದಕ್ಕಿಂತ ಒಳ್ಳೆ ಬೆಲೆ ಕೊಡುವ ಸಾಮಾನು ನಾನು ಕಂಡಿಲ್ಲ.

ಕೇಸು ತೊಳೆಯುವುದು, ಒಣಗಿಸುವುದು ಬೇಗ ಹೇಳಿ ಮುಗಿಸುತ್ತೇನೆ. ಟಂಬ್ಲರ್ ಅಂದರೆ ಕೇಸುಗಳನ್ನು ಉಜ್ಜಿ ಸ್ವಚ್ಛ ಮಾಡುವ ಯಂತ್ರ; ಒಣ ಟಂಬ್ಲರ್ ಆದರೆ ವಾಲ್‌ನಟ್ ಚಿಪ್ಪಿನ ಪುಡಿ ಅಥವಾ ಜೋಳದ ದಿಂಡಿನ ಪುಡಿ, ನೀರಿನದಾದರೆ ಸ್ಟೇನ್‌ಲೆಸ್ ಪಿನ್. ಕೇಸುಗಳನ್ನು ವಿಂಗಡಿಸುವುದು ಮಾತ್ರ ಮುಖ್ಯ. 9 ಎಂಎಂ ಕೇಸಿನ ರಾಶಿಯಲ್ಲಿ .380 ಕೇಸುಗಳು ಸೇರಿಕೊಂಡಿರುತ್ತವೆ. ನೋಡಲು ಅಣ್ಣ ತಮ್ಮ, ಆದರೆ ಇದು 19 ಮಿ.ಮೀ. ಉದ್ದ, ಅದು 17 ಚಿಲ್ಲರೆ. ಮಿಲಿಟರಿ ಕೇಸಿನ ಪ್ರೈಮರ್ ಗುಂಡಿಯ ಅಂಚನ್ನು ಕಾರ್ಖಾನೆಯಲ್ಲಿ ಜಜ್ಜಿ ಬಿಗಿ ಮಾಡಿರುತ್ತಾರೆ. ತಳದಲ್ಲಿ ವೃತ್ತದೊಳಗೆ ಕೂಡು ಚಿಹ್ನೆ ಕಂಡರೆ ಅದು ನ್ಯಾಟೋ ಕೇಸು ಅಂತ ತಿಳಿಯಿರಿ. ಆ ಅಂಚು ಸರಿ ಮಾಡದೆ ಹೊಸ ಪ್ರೈಮರ್ ಹೋಗುವುದಿಲ್ಲ, ಮೆಷಿನ್ ನಿಲ್ಲುತ್ತದೆ. ನಿಲ್ಲುವ ಕಾರಣಗಳಲ್ಲಿ ಅರ್ಧ ಕೇಸಿನ ಬಕೆಟ್ಟಿನಲ್ಲೇ ಇರುತ್ತವೆ, ಪ್ರೆಸ್ಸಿನಲ್ಲಲ್ಲ.

ಈಗ ಡೈಗಳು, ಅಂದರೆ ಒಂದೊಂದು ಸ್ಟೇಷನ್ನಿನ ಮೇಲೆ ಕೂರುವ ಅಚ್ಚುಗಳು. ಬಹುತೇಕ ಎಲ್ಲ ಕಂಪನಿಯ ಡೈಗಳೂ ಒಂದೇ ಥ್ರೆಡ್ಡು, 7/8 ಇಂಚು, ಇಂಚಿಗೆ 14. ಮೊದಲ ಸ್ಟೇಷನ್ನಿನಲ್ಲಿ ಸೈಜಿಂಗ್ ಮತ್ತು ಹಳೇ ಪ್ರೈಮರ್ ತೆಗೆಯುವುದು. ಎರಡನೆಯದರಲ್ಲಿ ಹೊಸ ಪ್ರೈಮರ್, ಕೇಸಿನ ಬಾಯಿ ಚೂರು ಅಗಲಿಸುವುದು, ಮದ್ದು. ಮೂರನೆಯದರಲ್ಲಿ ಮದ್ದು ಬಿದ್ದಿದೆಯಾ ಎಂಬ ಪರೀಕ್ಷೆ. ನಾಲ್ಕರಲ್ಲಿ ಗುಂಡು ಒತ್ತುವುದು. ಐದರಲ್ಲಿ ಕ್ರಿಂಪ್, ಅಂದರೆ ಕೇಸಿನ ಬಾಯಿ ಸರಿಪಡಿಸುವುದು.

ಸೈಜಿಂಗ್ ಡೈ ಪ್ಲೇಟಿಗೆ ತಾಗುವವರೆಗೆ ಇಳಿಸಿ, ಆಮೇಲೆ ಕೂದಲೆಳೆಯಷ್ಟು ಮೇಲೆತ್ತಿ. ಡೈ ಒಳಗಿನ ಕಾರ್ಬೈಡ್ ಉಂಗುರ ಗಟ್ಟಿ, ಆದರೆ ಪೆಡಸು. ಪ್ರತಿ ಸಲ ಪ್ಲೇಟಿಗೆ ಬಡಿದರೆ ಬಿರುಕು ಬಿಡುತ್ತದೆ. ಲಾಕ್ ನಟ್ಟು ಬಿಗಿಯುವಾಗ ಕೇಸು ಡೈ ಒಳಗಿರಲಿ, ಪ್ಲೇಟ್ ಪೂರ್ತಿ ಮೇಲಿರಲಿ. ಆಗ ಡೈ ತಾನೇ ನಡುವಿಗೆ ಬಂದು ನಿಲ್ಲುತ್ತದೆ. ಕಾರ್ಬೈಡ್ ಡೈಗೆ ಪಿಸ್ತೂಲು ಕೇಸಿನ ಮೇಲೆ ಎಣ್ಣೆ ಬೇಕಿಲ್ಲ ಅನ್ನುತ್ತಾರೆ. ನಿಜ. ಆದರೂ ಸ್ವಲ್ಪ ಸ್ಪ್ರೇ ಲೂಬ್ ಹೊಡೆದು ನೋಡಿ. ಹ್ಯಾಂಡಲ್ ಅರ್ಧ ಹಗುರಾಗುತ್ತದೆ. ಹ್ಯಾಂಡಲ್ ಹಗುರಾದಾಗ, ಏನಾದರೂ ಸಿಕ್ಕಿಕೊಂಡರೆ ಕೈಗೆ ತಕ್ಷಣ ಗೊತ್ತಾಗುತ್ತದೆ. ನನಗೆ ಬೇಕಾಗಿರುವುದು ಆ ಸೂಕ್ಷ್ಮ, ತೋಳಿನ ಆರಾಮವಲ್ಲ.

ಬಾಯಿ ಅಗಲಿಸುವುದು ಗುಂಡು ನೆಟ್ಟಗೆ ನಿಲ್ಲುವಷ್ಟು ಮಾತ್ರ. ಕಾಲು ಮಿಲಿಮೀಟರ್ ಆಸುಪಾಸು. ಜಾಸ್ತಿ ಅಗಲಿಸಿದರೆ ಕೇಸಿನ ಬಾಯಿ ಬೇಗ ಬಿರುಕು ಬಿಡುತ್ತದೆ, ಕಡಿಮೆಯಾದರೆ ಗುಂಡು ಓರೆ ಕೂತು ಸಿಪ್ಪೆ ಏಳುತ್ತದೆ.

ಕ್ರಿಂಪ್ ಅನ್ನು ತುಂಬಾ ಜನ ತಪ್ಪು ತಿಳಿದಿದ್ದಾರೆ. 9 ಎಂಎಂ ತೋಟಾ ಬ್ಯಾರೆಲ್ಲಿನಲ್ಲಿ ನಿಲ್ಲುವುದು ತನ್ನ ಬಾಯಿಯ ಅಂಚಿನ ಆಧಾರದ ಮೇಲೆ. ಅದನ್ನು ಒಳಕ್ಕೆ ಮಡಚುವ ಹಾಗಿಲ್ಲ. ಇಲ್ಲಿ ಕ್ರಿಂಪ್ ಅಂದರೆ ಆಗ ಅಗಲಿಸಿದ್ದನ್ನು ವಾಪಸ್ ನೆಟ್ಟಗೆ ಮಾಡುವುದು, ಅಷ್ಟೇ. ಬಾಯಿಯ ಹತ್ತಿರ 0.378 ಇಂಚು ಆಸುಪಾಸು ಬಂದರೆ ಸಾಕು. ಒಂದು ಗುಂಡನ್ನು ಪುಲ್ಲರ್ ಹಾಕಿ ಹೊರತೆಗೆದು ನೋಡಿ. ಗುಂಡಿನ ಮೈ ಮೇಲೆ ಉಂಗುರದ ಗಾಯ ಇದ್ದರೆ ಕ್ರಿಂಪ್ ಜಾಸ್ತಿಯಾಗಿದೆ. ಗುಂಡನ್ನು ಹಿಡಿದುಕೊಳ್ಳುವುದು ಕ್ರಿಂಪ್ ಅಲ್ಲ, ಸರಿಯಾಗಿ ಸೈಜಾದ ಕೇಸಿನ ಗೋಡೆ.

ಈಗ ಹೇಳುವುದು ಸ್ವಲ್ಪ ನಿಧಾನವಾಗಿ ಕೇಳಿ. ಮೆಷಿನ್ನಿನ ಜೊತೆ ಬರುವ ಹಾಳೆ ಒಂದೊಂದೇ ಸ್ಟೇಷನ್, ಒಂದೇ ಕೇಸು ಹಾಕಿ ಹೊಂದಿಸಿ ಅನ್ನುತ್ತದೆ. ಸರಿ, ಶುರು ಹಾಗೇ ಮಾಡಬೇಕು. ಒಂದು ಕೇಸು ಐದೂ ಸ್ಟೇಷನ್ ದಾಟಿ ಚೆನ್ನಾಗಿ ಬಂತು. ಅಳೆದಿರಿ, ಉದ್ದ ಸರಿಯಾಗಿದೆ. ಆಮೇಲೆ ಪ್ಲೇಟ್ ತುಂಬಾ ಕೇಸು ಹಾಕಿ ಓಡಿಸಿದರೆ ಉದ್ದ ಬದಲಾಗಿರುತ್ತದೆ! ಡೈ ಸಡಿಲಾಗಿಲ್ಲ, ಕ್ಯಾಲಿಪರ್ ಕೆಟ್ಟಿಲ್ಲ. ಆಗಿದ್ದೇನು?

ಸೈಜಿಂಗ್ ಸ್ಟೇಷನ್ನಿಗೆ ಬಲ ಜಾಸ್ತಿ ಬೇಕು. ಗುಂಡು ಒತ್ತಲು ಅಷ್ಟು ಬೇಡ. ಐದು ಕೇಸೂ ಇದ್ದಾಗ ಒಂದು ಬದಿಯಲ್ಲಿ ಭಾರಿ ಒತ್ತಡ, ಇನ್ನೊಂದು ಬದಿಯಲ್ಲಿ ಕಡಿಮೆ. ಶೆಲ್‌ಪ್ಲೇಟ್ ಒಂದಿಷ್ಟು ವಾಲುತ್ತದೆ, ಟೂಲ್‌ಹೆಡ್ ತಾನು ಕೂತ ತೋಡಿನಲ್ಲಿ ಒಂದಿಷ್ಟು ಎದ್ದು ನಿಲ್ಲುತ್ತದೆ, ಎಲ್ಲ ಸಡಿಲವೂ ಒಂದು ಕಡೆಗೆ ಸೇರುತ್ತದೆ. ಗುಂಡಿನ ಡೈಗೂ ಪ್ಲೇಟಿಗೂ ಇರುವ ಅಂತರ ಬದಲಾಗುತ್ತದೆ. ಕೆಲವು ಸಾವಿರದ ಭಾಗ ಇಂಚು, ಅಂದರೆ 0.1 ಮಿ.ಮೀ. ಆಸುಪಾಸು. ಒಂದು ಸ್ಟೇಷನ್ ಖಾಲಿ ಹೋದರೂ ಆ ಸುತ್ತಿನ ತೋಟಾ ಉದ್ದ ಬೇರೆ ಬರುತ್ತದೆ.

ಹಾಗಾಗಿ ಕೊನೆಯ ಹೊಂದಾಣಿಕೆ ಯಾವತ್ತೂ ಪ್ಲೇಟ್ ತುಂಬಿದಾಗಲೇ ಮಾಡಿ. ಗುಂಡಿನ ಡೈ ಲಾಕ್ ಮಾಡುವುದು, ಪೌಡರ್ ಡೈ ಇಳಿಸುವುದು, ಕ್ರಿಂಪ್, ಎಲ್ಲ ಹಾಗೇ. ಶುರುವಿನ ಮತ್ತು ಕೊನೆಯ ನಾಲ್ಕೈದು ತೋಟಾಗಳನ್ನು, ಅಂದರೆ ಪ್ಲೇಟ್ ತುಂಬುವ ಮೊದಲು ಮತ್ತು ಖಾಲಿಯಾಗುವಾಗ ಬಂದವನ್ನು, ಬೇರೆ ಡಬ್ಬಿಗೆ ಹಾಕಿ ಅಳೆದು ನೋಡಿ. ಐದು ಸ್ಟೇಷನ್ನು ಇದ್ದ ಮಾತ್ರಕ್ಕೆ ಅದು ಐದು ಬೇರೆ ಮೆಷಿನ್ ಅಲ್ಲ. ಒಂದರಲ್ಲಿ ಆಗುವುದು ಇನ್ನೊಂದಕ್ಕೆ ತಟ್ಟುತ್ತದೆ.

ಉದ್ದದ ಲೆಕ್ಕ: ಎಸ್‌ಎಎಎಂಐ ಎಂಬ ಅಮೆರಿಕದ ಸಂಸ್ಥೆ 1926ರಿಂದ ಈ ಅಳತೆಗಳನ್ನು ನಿಗದಿ ಮಾಡುತ್ತಿದೆ. 9 ಎಂಎಂಗೆ ಗರಿಷ್ಠ ಉದ್ದ 1.169 ಇಂಚು, 29.69 ಮಿ.ಮೀ. ಅದು ಗರಿಷ್ಠ ಅಷ್ಟೇ. ನಿಮ್ಮ ಗುಂಡಿನ ಆಕಾರಕ್ಕೆ, ನಿಮ್ಮ ಬ್ಯಾರೆಲ್ಲಿಗೆ ಎಷ್ಟು ಅನ್ನುವುದು ಬೇರೆ. ಮದ್ದಿನ ಕಂಪನಿಯ ಪಟ್ಟಿಯಲ್ಲಿರುವ ಉದ್ದಕ್ಕಿಂತ ಗುಂಡು ಒಳಗೆ ಹೋದರೆ ಒತ್ತಡ ಏರುತ್ತದೆ. 9 ಎಂಎಂ ಸಣ್ಣ ಕೇಸು, ಒಳಗೆ ಜಾಗ ಕಡಿಮೆ. ಇಲ್ಲಿ ಅರ್ಧ ಮಿಲಿಮೀಟರ್ ಕೂಡ ತಮಾಷೆಯಲ್ಲ.

ಶೆಲ್‌ಪ್ಲೇಟ್ ಬೋಲ್ಟು ಎಷ್ಟು ಬಿಗಿ ಇರಬೇಕು? ಸಡಿಲವಾದರೆ ಪ್ಲೇಟ್ ವಾಲುತ್ತದೆ, ಪ್ರೈಮರ್ ಎತ್ತರ ಕೂರುತ್ತದೆ, ಉದ್ದ ಕುಣಿಯುತ್ತದೆ. ಬಿಗಿಯಾದರೆ ತಿರುಗುವುದಿಲ್ಲ. ಮೊದಲು ಪೂರ್ತಿ ಬಿಗಿಯಿರಿ, ಪ್ಲೇಟ್ ಕೈಗೆ ತಿರುಗುವವರೆಗೆ ಚೂರುಚೂರೇ ಬಿಡಿ, ಅಲ್ಲಿ ನಿಲ್ಲಿಸಿ ಪಕ್ಕದ ಸಣ್ಣ ಲಾಕ್ ಸ್ಕ್ರೂ ಹಾಕಿ. ಆ ಸ್ಕ್ರೂ ಮರೆತರೆ ಕೆಲಸದ ಮಧ್ಯೆ ಬೋಲ್ಟು ತಾನೇ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಪ್ಲೇಟಿನ ಕೆಳಗೆ ಮದ್ದಿನ ಒಂದು ಕಾಳು ಸಿಕ್ಕಿಕೊಂಡರೂ ಸಾಕು, ಎಲ್ಲ ಅಳತೆಯೂ ಕೆಡುತ್ತದೆ. ಆಗಾಗ ಬಿಚ್ಚಿ ಒರೆಸಿ, ಚೂರು ಗ್ರೀಸ್ ಹಚ್ಚಿ.

ತಾನೇ ತಿರುಗುವ ಮೆಷಿನ್ನಿನಲ್ಲಿ ಪ್ಲೇಟ್ ಕೊನೆಗೆ "ಟಕ್" ಅಂತ ಸ್ಪ್ರಿಂಗ್ ಮೇಲಿನ ಗೋಲಿಗೆ ಕೂರುತ್ತದೆ. ಆ ಜರ್ಕಿಗೆ ಸಣ್ಣ ಕೇಸಿನಿಂದ ಮದ್ದು ಚಿಮ್ಮುತ್ತದೆ. ಅದಕ್ಕೆ ಗೋಲಿ ಕೆಳಗಿನ ಸ್ಪ್ರಿಂಗನ್ನು ಹಗುರದ್ದಕ್ಕೆ ಬದಲಿಸುತ್ತಾರೆ, ಪ್ಲೇಟ್ ಬೋಲ್ಟಿನ ಕೆಳಗೆ ಬೇರಿಂಗ್ ಹಾಕುತ್ತಾರೆ. ಎರಡೂ ಕೆಲಸ ಮಾಡುತ್ತವೆ. ಆದರೆ ಕೊಳ್ಳುವ ಮೊದಲು ಹ್ಯಾಂಡಲನ್ನು ಒಂದೇ ಸಮ ಎಳೆದು ನೋಡಿ. ತುಂಬಾ ಸಲ ಕೈಯ ಅವಸರವೇ ಚಿಮ್ಮಿಸುವುದು.

ಇನ್ನು ಮದ್ದು. ಕೇಸಿಗೆ ಮದ್ದು ಬೀಳಿಸುವ ಪೌಡರ್ ಮೆಷರ್ ತೂಗುವುದಿಲ್ಲ, ಅಳೆಯುತ್ತದೆ. ನಮ್ಮ ಕಡೆ ಸೇರಿನಲ್ಲಿ ಅಕ್ಕಿ ಅಳೆದ ಹಾಗೆ. ಸೇರನ್ನು ಕುಲುಕಿದರೆ ಜಾಸ್ತಿ ಹಿಡಿಯುತ್ತದೆ, ಸುಮ್ನೆ ಸುರಿದರೆ ಕಡಿಮೆ. ಇಲ್ಲೂ ಹಾಗೇ. ಪ್ರತಿ ಸಲ ಹ್ಯಾಂಡಲ್ ಒಂದೇ ರೀತಿ, ಒಂದೇ ವೇಗದಲ್ಲಿ, ಕೊನೆಯವರೆಗೆ ಹೋಗಬೇಕು. ಅರ್ಧ ಎಳೆದು ಬಿಟ್ಟರೆ ಅಳತೆಯ ಗುಂಡಿ ಇರುವ ಬಾರ್ ಪೂರ್ತಿ ಸರಿಯುವುದಿಲ್ಲ, ಮದ್ದು ಕಡಿಮೆ ಬೀಳುತ್ತದೆ. ಮೇಲೆ ಮದ್ದು ತುಂಬಿಡುವ ಹಾಪರ್ ತುಂಬಿದಾಗ ಒಂದು ತೂಕ, ಖಾಲಿಯಾಗುತ್ತಾ ಬಂದಾಗ ಇನ್ನೊಂದು. ಅರ್ಧಕ್ಕಿಂತ ಕೆಳಗೆ ಹೋಗಲು ಬಿಡಬೇಡಿ.

ಇಲ್ಲಿ ತೂಕ ಗ್ರೇನಿನಲ್ಲಿ. 7,000 ಗ್ರೇನ್ ಒಂದು ಪೌಂಡು, ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. 9 ಎಂಎಂ ಕೇಸಿಗೆ ಬೀಳುವ ಮದ್ದು ಅರ್ಧ ಗ್ರಾಮಿಗೂ ಕಡಿಮೆ. ಎಷ್ಟು ಹಾಕಬೇಕು ಎಂದು ನಾನು ಈ ವೇದಿಕೆಯಿಂದ ಹೇಳುವುದಿಲ್ಲ, ಬೇರೆಯವರು ಹೇಳಿದರೂ ತಗೊಳ್ಳಬೇಡಿ. ಮದ್ದಿನ ಕಂಪನಿ ತಾನೇ ಒತ್ತಡ ಅಳೆದು ಪಟ್ಟಿ ಪ್ರಕಟಿಸಿರುತ್ತದೆ. ಅದರ ಕೆಳಗಿನ ಅಂಕಿಯಿಂದ ಶುರು ಮಾಡಿ.

ಬಾರ್ ಹೊಂದಿಸಿದ ಮೇಲೆ ಮೊದಲ ಹತ್ತಿಪ್ಪತ್ತು ಅಳತೆಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ವಾಪಸ್ ಹಾಪರಿಗೆ ಸುರಿಯಿರಿ. ಮದ್ದು ಕೂರಬೇಕು. ಆಮೇಲೆ ಹತ್ತು ಅಳತೆಗಳನ್ನು ಒಟ್ಟಿಗೆ ಒಂದು ಬಟ್ಟಲಿಗೆ ಹಾಕಿ ತೂಗಿ, ಹತ್ತರಿಂದ ಭಾಗಿಸಿ. ಸಣ್ಣ ಡಿಜಿಟಲ್ ತಕ್ಕಡಿಯ ತಪ್ಪು ಇದರಲ್ಲಿ ಕರಗಿಹೋಗುತ್ತದೆ. ಆಮೇಲೆ ಒಂದೊಂದನ್ನೇ ತೂಗಿ, ಎಷ್ಟು ಹಿಂದೆ ಮುಂದೆ ಆಗುತ್ತದೆ ನೋಡಿ. ಸಣ್ಣ ದುಂಡನೆಯ ಕಾಳಿನ ಮದ್ದು ನೀರಿನಂತೆ ಹರಿಯುತ್ತದೆ. ದೊಡ್ಡ ಹಪ್ಪಳದಂಥ ಚೂರಿನ ಮದ್ದು ಕೊಳವೆಯಲ್ಲಿ ಅಡ್ಡ ಕಟ್ಟಿಕೊಳ್ಳುತ್ತದೆ. ಒಂದು ಕೇಸಿಗೆ ಏನೂ ಬೀಳದೆ, ಮುಂದಿನದಕ್ಕೆ ಎರಡು ಪಾಲು ಬೀಳುವುದು ಹೀಗೇ.

ಆ ಎರಡೂ ಸ್ಥಿತಿಗಳೇ ಈ ಹವ್ಯಾಸದ ನಿಜವಾದ ಭಯ. ಮದ್ದೇ ಇಲ್ಲದ ತೋಟಾ ಹೊಡೆದರೆ ಬರೀ ಪ್ರೈಮರ್ ಬಲಕ್ಕೆ ಗುಂಡು ಬ್ಯಾರೆಲ್ಲಿನ ಮಧ್ಯೆ ಸಿಕ್ಕಿಕೊಳ್ಳುತ್ತದೆ. ಸದ್ದು "ಪಟ್" ಅನ್ನುತ್ತದೆ, ಅಷ್ಟೇ. ಅದರ ಹಿಂದೆ ಇನ್ನೊಂದು ಹೊಡೆದರೆ ಬ್ಯಾರೆಲ್ ಒಡೆಯುತ್ತದೆ. ಎರಡು ಪಾಲು ಬಿದ್ದರೆ ಮೊದಲನೆಯದರಲ್ಲೇ ಒಡೆಯಬಹುದು. ಹಾಗಾಗಿ ಹೊಸಬರಿಗೆ ನನ್ನ ಸಲಹೆ ಇಷ್ಟು. ಕೇಸಿನಲ್ಲಿ ಜಾಸ್ತಿ ಜಾಗ ತುಂಬುವ ಮದ್ದನ್ನೇ ಆರಿಸಿ, ಎರಡು ಸಲ ಬಿದ್ದರೆ ಉಕ್ಕಿ ಹೊರಗೆ ಚೆಲ್ಲುವಂಥದ್ದು. ಮೆಷಿನ್ ಗಲೀಜಾಗುತ್ತದೆ, ಆದರೆ ತಪ್ಪು ಕಣ್ಣಿಗೆ ಬೀಳುತ್ತದೆ. ಸ್ವಲ್ಪ ಮದ್ದಿನಲ್ಲಿ ಕೆಲಸ ಮುಗಿಸುವ ಜಾತಿಗಳು ಅಗ್ಗ ನಿಜ, ಎರಡು ಪಾಲು ಸದ್ದಿಲ್ಲದೆ ಒಳಗೆ ಕೂತುಬಿಡುತ್ತದೆ.

ಮೂರನೇ ಸ್ಟೇಷನ್ನಿನಲ್ಲಿ ಪೌಡರ್ ಚೆಕ್ ಹಾಕಿ. ಒಂದು ಕಡ್ಡಿ ಕೇಸಿನೊಳಗೆ ಇಳಿದು ಮದ್ದಿನ ಮಟ್ಟ ಮುಟ್ಟಿ ನೋಡುತ್ತದೆ. ತಪ್ಪಿದ್ದರೆ ಕೆಲವು ಕೂಗುತ್ತವೆ, ಕೆಲವು ಪ್ರೆಸ್ಸನ್ನೇ ಹಿಡಿದು ನಿಲ್ಲಿಸುತ್ತವೆ. ಅದು ಹಿಡಿಯುವುದು ದೊಡ್ಡ ತಪ್ಪನ್ನು, ಸಣ್ಣ ಏರುಪೇರನ್ನಲ್ಲ. ಕೂಗಿಲ್ಲ ಅಂತ ಕಣ್ಣು ಮುಚ್ಚಿಕೊಳ್ಳಬೇಡಿ, ಪ್ರತಿ ಕೇಸಿನೊಳಗೂ ನೋಡಿಯೇ ಗುಂಡು ಇಡಿ.

"ಹಾಗಾದರೆ ಕೈಯಲ್ಲಿ ತಿರುಗಿಸುವ 550 ಒಳ್ಳೆಯದಾ, ತಾನೇ ತಿರುಗುವುದು ಒಳ್ಳೆಯದಾ?" ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಕೈಯದರಲ್ಲಿ ತಿರುಗಿಸಲು ಮರೆತು ಮತ್ತೆ ಎಳೆದರೆ ಅದೇ ಕೇಸಿಗೆ ಎರಡನೇ ಸಲ ಮದ್ದು ಬೀಳುತ್ತದೆ. ಇನ್ನೊಂದು ಕಡೆ, ಏನಾದರೂ ಸಿಕ್ಕಿಕೊಂಡಾಗ ಸರಿ ಮಾಡುವುದು ಅದರಲ್ಲಿ ಸುಲಭ. ತಾನೇ ತಿರುಗುವುದರಲ್ಲಿ ಆ ಮರೆವು ಇಲ್ಲ, ಆದರೆ ಮಧ್ಯೆ ಕೈ ಹಾಕಿದರೆ ಗೊಂದಲ ಜಾಸ್ತಿ. ನಾನಂತೂ ಮರೆವಿಗೆ ಹೆದರುವವನು, ತಾನೇ ತಿರುಗುವುದನ್ನೇ ಇಟ್ಟುಕೊಂಡಿದ್ದೇನೆ.

ಪ್ರೈಮರ್ ಮಾತಿಗೆ ಬರೋಣ. ಮೆಷಿನ್ ನಿಲ್ಲುವುದು ಜಾಸ್ತಿ ಇಲ್ಲೇ. ಸಣ್ಣ ಪಿಸ್ತೂಲು ಪ್ರೈಮರ್ ನಾಲ್ಕೂವರೆ ಮಿಲಿಮೀಟರ್ ಕೂಡ ಇಲ್ಲ. ಅದು ಕೇಸಿನ ತಳದ ಮಟ್ಟಕ್ಕಿಂತ 0.003ರಿಂದ 0.005 ಇಂಚು ಒಳಗೆ ಕೂರಬೇಕು. ಬೆರಳಿನ ತುದಿ ಆಡಿಸಿದರೆ ತಳ ಸಣ್ಣಗೆ ಕುಳಿ ಬಿದ್ದ ಹಾಗೆ ಅನಿಸಬೇಕು. ಎತ್ತರ ನಿಂತರೆ ಪಿಸ್ತೂಲಿನ ಮೊದಲ ಏಟು ಅದನ್ನು ಕೂರಿಸಲೇ ಖರ್ಚಾಗಿ ತೋಟಾ ಹಾರುವುದಿಲ್ಲ. ರಿವಾಲ್ವರ್ ಆದರೆ ಸಿಲಿಂಡರ್ ತಿರುಗುವುದಿಲ್ಲ. ಕೂರಿಸುವ ಪಂಚು ಮತ್ತು ಕೇಸಿನ ಗುಂಡಿ ಒಂದೇ ಸಾಲಿನಲ್ಲಿವೆಯಾ ಎಂದು ಮೊದಲು ಪ್ರೈಮರ್ ಇಲ್ಲದೆ ನೋಡಿ. ಮುಂದಕ್ಕೆ ತಳ್ಳುವಾಗ ಮೊದಲು ಸ್ವಲ್ಪ ಬಿಗಿ, ಆಮೇಲೆ ತಳ ಮುಟ್ಟಿದ ಗಟ್ಟಿತನ, ಇವೆರಡೂ ಕೈಗೆ ಬೇರೆ ಬೇರೆ ಗೊತ್ತಾಗಬೇಕು. ಬರೀ ಮೆತ್ತಗಿದ್ದರೆ ಗುಂಡಿ ಸವೆದಿದೆ, ಆ ಕೇಸು ಕಸಕ್ಕೆ. ಬಿಗಿಯಾಗಿ ತಡೆದರೆ ನಿಲ್ಲಿಸಿ. ಪ್ರೈಮರ್ ಮೇಲೆ ಬಲ ಹಾಕುವುದು ಯಾವತ್ತೂ ಬೇಡ. ನೂರು ಪ್ರೈಮರ್ ತುಂಬಿದ ಕೊಳವೆ ಮುಖದ ಹತ್ತಿರ ಇದೆ ಎಂಬುದು ನೆನಪಿರಲಿ. ಅದರ ಸುತ್ತ ಕಂಪನಿ ಕೊಟ್ಟ ಉಕ್ಕಿನ ಕವಚ ತೆಗೆಯಬೇಡಿ. ಕನ್ನಡಕ ಇಲ್ಲದೆ ಈ ಬೆಂಚಿಗೆ ಬರುವುದೇ ಬೇಡ.

ಸರಿ, ನಿಂತಿತು ಅಂದುಕೊಳ್ಳಿ. ಆಗ ಏನು ಮಾಡಬೇಕು ಅನ್ನುವುದನ್ನು ಮೊದಲೇ ತೀರ್ಮಾನಿಸಿ ಬೆಂಚಿನ ಗೋಡೆಗೆ ಅಂಟಿಸಿ. ನನ್ನ ಕ್ರಮ ಇದು. ಮದ್ದಿನ ಸ್ಟೇಷನ್ನಿನಲ್ಲಿರುವ ಕೇಸು, ಅದರ ಮುಂದಿನದು, ಎರಡನ್ನೂ ತೆಗೆದುಬಿಡುತ್ತೇನೆ. ಒಳಗಿನ ಮದ್ದು ವಾಪಸ್ ಹಾಪರಿಗೆ. ಗುಂಡು ಕೂತ ಮೇಲೆ ಅನುಮಾನ ಬಂದರೆ ಅದು ಪುಲ್ಲರ್ ಡಬ್ಬಿಗೆ. "ಇದಕ್ಕೆ ಬಿದ್ದಿತ್ತು ಅನಿಸುತ್ತೆ" ಎಂಬ ಮಾತಿಗೆ ಜಾಗವೇ ಇಲ್ಲ. ಎದ್ದು ಹೋಗಬೇಕಾದರೆ ಹ್ಯಾಂಡಲ್ ಕೆಳಗೆ ಒತ್ತಿ, ಪ್ಲೇಟ್ ಪೂರ್ತಿ ಮೇಲೆ ನಿಲ್ಲಿಸಿ ಹೋಗಿ. ವಾಪಸ್ ಬಂದಾಗ ಮೆಷಿನ್ ಎಲ್ಲಿತ್ತು ಅನ್ನುವುದು ಪ್ರಶ್ನೆಯೇ ಆಗುವುದಿಲ್ಲ. ಟಿವಿ ಬೇಡ, ಫೋನ್ ಬೇರೆ ಕೋಣೆಯಲ್ಲಿರಲಿ. ಮನೆಯಲ್ಲಿ ಮಕ್ಕಳಿದ್ದರೆ ಗರಾಜಿನ ಬಾಗಿಲು ಹಾಕಿಕೊಳ್ಳಿ.

ತಯಾರಾದ ತೋಟಾ ಪರೀಕ್ಷೆಗೆ ಮೂರು ಕೆಲಸ. ಪಿಸ್ತೂಲಿನಿಂದ ಬ್ಯಾರೆಲ್ ಬಿಚ್ಚಿ ಕೈಯಲ್ಲಿ ಹಿಡಿದು ತೋಟಾ ಒಳಗೆ ಬಿಡಿ. ಟಣ್ ಅಂತ ಬೀಳಬೇಕು, ಸಲೀಸಾಗಿ ತಿರುಗಬೇಕು, ಬ್ಯಾರೆಲ್ ಮಗುಚಿದರೆ ತಾನೇ ಹೊರಗೆ ಬರಬೇಕು. ಎರಡನೆಯದು, ತೋಟಾದ ಮೂತಿಯನ್ನು ಬೆಂಚಿನ ಅಂಚಿಗೆ ಹೆಬ್ಬೆರಳಿನ ಬಲದಿಂದ ಒತ್ತಿ, ಮತ್ತೆ ಉದ್ದ ಅಳೆಯಿರಿ. ಗುಂಡು ಒಳಗೆ ಜಾರಿದ್ದರೆ ಕೇಸಿನ ಹಿಡಿತ ಸಾಲದು. ಮೂರನೆಯದು ಕ್ರೋನೋಗ್ರಾಫ್, ಗುಂಡಿನ ವೇಗ ಅಳೆಯುವ ಉಪಕರಣ. ಯುಎಸ್‌ಪಿಎಸ್‌ಎ ಎಂಬ ಅಮೆರಿಕದ ಶೂಟಿಂಗ್ ಸಂಘದ ಸ್ಪರ್ಧೆಗೆ ಹೋಗುವವರಿಗೆ ಇದು ತಪ್ಪಿದ್ದಲ್ಲ. ಗುಂಡಿನ ತೂಕ ಗ್ರೇನಿನಲ್ಲಿ, ವೇಗ ಸೆಕೆಂಡಿಗೆ ಅಡಿಯಲ್ಲಿ, ಎರಡನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ ಪವರ್ ಫ್ಯಾಕ್ಟರ್. ಮೈನರ್ ಎಂಬ ವರ್ಗಕ್ಕೆ ಕನಿಷ್ಠ 125, ಮೇಜರ್ ಎಂಬ ವರ್ಗಕ್ಕೆ 165. 124 ಗ್ರೇನ್ ಗುಂಡು 1,050 ಅಡಿಯಲ್ಲಿ ಹೋದರೆ 130.2. ಆ ಐದು ಅಂಕ ಉಳಿಸಿಕೊಳ್ಳುವುದು ಚಳಿಗಾಲದ ಬೆಳಗಿಗೆ, ಸ್ಪರ್ಧೆಯವರ ಕ್ರೋನೋಗ್ರಾಫ್ ನಿಮ್ಮದಕ್ಕಿಂತ ಕಡಿಮೆ ತೋರಿಸುವ ದಿನಕ್ಕೆ.

"ದುಡ್ಡು ಉಳಿಯುತ್ತಾ?" ಎಂದು ಕೇಳಿದವರಿಗೆ: 9 ಎಂಎಂ ಮಟ್ಟಿಗೆ ಬಹಳ ಕಡಿಮೆ, ಕೆಲವು ಕಾಲದಲ್ಲಿ ಏನೂ ಇಲ್ಲ. 2020ರ ನಂತರ ಪ್ರೈಮರ್ ಸಿಗದೇ ಬೆಲೆ ಏರಿ ಕೂತಿದ್ದನ್ನು ನೋಡಿದವರಿಗೆ ಗೊತ್ತು. ಅಂಗಡಿ ತೋಟಾಗಿಂತ ಮೆತ್ತಗೆ ಒದೆಯುವ, ನಿಮ್ಮ ಪಿಸ್ತೂಲಿಗೇ ಹೊಂದಿಸಿದ ತೋಟಾ ಬೇಕಿದ್ದರೆ ಮಾಡಿ.

ಆರೋಗ್ಯದ ಮಾತು. ಪ್ರೈಮರಿನಲ್ಲಿ ಸೀಸದ ಸಂಯುಕ್ತ ಇರುತ್ತದೆ. ಹೊಡೆದ ಕೇಸಿನ ಮಸಿಯಲ್ಲಿ, ಟಂಬ್ಲರಿನ ಧೂಳಿನಲ್ಲಿ ಅದೇ ಸೀಸ. ಟಂಬ್ಲರ್ ಮನೆಯೊಳಗೆ ಬೇಡ. ಬೆಂಚಿನ ಹತ್ತಿರ ಕಾಫಿ ಲೋಟ, ಚಕ್ಕುಲಿ ತಟ್ಟೆ ಬೇಡ. ಕೆಲಸ ಮುಗಿದ ಮೇಲೆ ಸೋಪು ಹಾಕಿ ತಣ್ಣೀರಿನಲ್ಲಿ ಕೈ ತೊಳೆಯಿರಿ. ಆ ಬಟ್ಟೆಯಲ್ಲಿ ಮಗುವನ್ನು ಎತ್ತಿಕೊಳ್ಳಬೇಡಿ. ವರ್ಷಕ್ಕೊಮ್ಮೆ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿ. ಡಾಕ್ಟರಿಗೆ ಕಾರಣ ಹೇಳಲು ಸಂಕೋಚ ಪಡಬೇಡಿ.

ಇಡುವ ವಿಷಯದಲ್ಲಿ ಎನ್‌ಎಫ್‌ಪಿಎ 495 ಎಂಬ ಅಗ್ನಿ ಸುರಕ್ಷತೆಯ ನಿಯಮಾವಳಿ ಇದೆ. ಮನೆಯಲ್ಲಿ ಮೂಲ ಡಬ್ಬಿಯಲ್ಲೇ 20 ಪೌಂಡ್ ಸ್ಮೋಕ್‌ಲೆಸ್ ಮದ್ದು, 10,000 ಪ್ರೈಮರ್ ಅದರ ಮಿತಿ. ನಿಮ್ಮ ಊರಿನ ಫೈರ್ ಕೋಡ್, ಅಪಾರ್ಟ್‌ಮೆಂಟಿನ ಕರಾರು ಇದಕ್ಕಿಂತ ಬಿಗಿ ಇರಬಹುದು, ವಿಚಾರಿಸಿಕೊಳ್ಳಿ. ಪ್ರೈಮರನ್ನು ಅದರದೇ ಪೆಟ್ಟಿಗೆಯಿಂದ ತೆಗೆದು ಗಾಜಿನ ಬಾಟಲಿಗೆ ಸುರಿದಿಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಒಂದು ಹೊತ್ತಿದರೆ ಎಲ್ಲ ಒಟ್ಟಿಗೆ ಸಿಡಿಯುತ್ತವೆ. ಕಂಪನಿ ಅವನ್ನು ಬಿಡಿ ಬಿಡಿಯಾಗಿ ಜೋಡಿಸಿರುವುದೇ ಅದಕ್ಕೆ.

ಕೊನೆಯ ಪ್ರಶ್ನೆ: ದಿನದ ಕೆಲಸ ಮುಗಿದ ಮೇಲೆ ಹಾಪರಿನಲ್ಲಿ ಉಳಿದ ಮದ್ದನ್ನು ಹಾಗೇ ಬಿಡಬಹುದಾ? ಬಿಡಬೇಡಿ. ಕೆಲವು ಮದ್ದು ಪ್ಲಾಸ್ಟಿಕ್ ಹಾಪರನ್ನೇ ತಿನ್ನುತ್ತದೆ. ಅದಕ್ಕಿಂತ ಮುಖ್ಯವಾಗಿ, ಎರಡು ವಾರ ಬಿಟ್ಟು ಬಂದಾಗ ಒಳಗಿರುವುದು ಯಾವುದು ಎಂದು ನೋಡಿ ಹೇಳಲು ಆಗುವುದಿಲ್ಲ, ಎಲ್ಲ ಕಪ್ಪು ಕಾಳೇ. ಅದಕ್ಕೆ ಬೆಂಚಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ ಇರಬೇಕು. ಅದರ ಮುಚ್ಚಳವನ್ನು ಹಾಪರ್ ಮೇಲೆ ಇಟ್ಟುಕೊಂಡಿರಿ, ಉಳಿದದ್ದು ಯಾವ ಡಬ್ಬಿಗೆ ವಾಪಸ್ ಹೋಗಬೇಕು ಎಂಬ ಅನುಮಾನವೇ ಬರುವುದಿಲ್ಲ. ಸುರಿದ ಮೇಲೂ ಕೊಳವೆಯಲ್ಲಿ, ಬಾರಿನ ಗುಂಡಿಯಲ್ಲಿ ಒಂದಿಷ್ಟು ಉಳಿದಿರುತ್ತದೆ. ನಾಲ್ಕೈದು ಸಲ ಖಾಲಿ ಕೇಸಿಗೆ ಹ್ಯಾಂಡಲ್ ಎಳೆದು ಅದನ್ನೂ ಬೀಳಿಸಿ ಡಬ್ಬಿಗೆ ಹಾಕಿ. ಕೆಳಗೆ ಬಿದ್ದು ಧೂಳು ಸೇರಿದ್ದು ಮಾತ್ರ ಡಬ್ಬಿಗೆ ವಾಪಸ್ ಹೋಗಬಾರದು, ಬ್ರಷ್ಷಿನಲ್ಲಿ ಗುಡಿಸಿ ಎಸೆಯಿರಿ. ವ್ಯಾಕ್ಯೂಮ್ ಕ್ಲೀನರ್ ಹಾಕಬೇಡಿ, ಅದರ ಮೋಟಾರಿನಲ್ಲಿ ಕಿಡಿ ಇರುತ್ತದೆ.